ತೈಬಜಾರಿ ಚೀಟಿ: ಸಗರನಾಡಿನ ಸಂತೆಯಿಂದ ನಗರಸಭೆಯ ಉಪವಿಧಿಯವರೆಗೆ

ಸಂತೆಯ ದಿನ ಹೊತ್ತು ಮೂಡುವ ಮೊದಲೇ ವನದುರ್ಗದ ಸುತ್ತಿನ ಹಳ್ಳಿಗಳ ಕಾಯಿಪಲ್ಲೆ ಬುಟ್ಟಿಗಳು ಟಂಟಂ ಏರಿ ಶಹಾಪುರದ ದಾರಿ ಹಿಡಿಯುತ್ತವೆ. ಬುಟ್ಟಿಯ ಜೊತೆ ಬಂದ ಹೆಣ್ಣುಮಗಳು ರಸ್ತೆಯ ಅಂಚಿನಲ್ಲಿ ಒಂದು ಗೋಣಿಚೀಲ ಹಾಸಿ ಕೂಡುತ್ತಾಳೆ. “ಯವ್ವಾ, ಬದನಿಕಾಯಿ ಹ್ಯಾಂಗ ಕೊಟ್ಟಿ?” ಎಂದು ಮೊದಲ ಗಿರಾಕಿ ಕೇಳುವ ಹೊತ್ತಿಗೆ, ಕೆಲವೊಮ್ಮೆ ಬೋಣಿ ಆಗುವುದಕ್ಕೂ ಮುಂಚೆ, ವಸೂಲಿಯವನು ಬಂದು ನಿಲ್ಲುತ್ತಾನೆ. ಹಣ ಇಸಿದುಕೊಂಡು ಒಂದು ಚೀಟಿ ಹರಿದು ಕೊಡುತ್ತಾನೆ. ನಮ್ಮ ಭಾಗದಲ್ಲಿ ಇದಕ್ಕೆ ತೈಬಜಾರಿ ಎನ್ನುತ್ತಾರೆ.

ಆ ಚೀಟಿಯ ಮೇಲೆ ಹಣದ ಮೊತ್ತ ಇರುತ್ತದೆ. ಕೊಟ್ಟವಳ ಹೆಸರು ಇರುವುದಿಲ್ಲ. ಕುಳಿತ ಜಾಗದ ಗುರುತೂ ಇರುವುದಿಲ್ಲ. ಸಂಜೆಯೊಳಗೆ ಯಾರಾದರೂ ಬಂದು “ಏಳು, ಇದು ರಸ್ತೆ” ಎಂದು ಗದರಿದರೆ ಅದೇ ಚೀಟಿ ತೋರಿಸಿ ಕೂರುವ ಧೈರ್ಯ ಅವಳಿಗಿಲ್ಲ. ಹಣ ಪಡೆಯುವಾಗ ಅವಳು ವ್ಯಾಪಾರಿ, ಎಬ್ಬಿಸುವಾಗ ಅತಿಕ್ರಮಣಕಾರಳು! ಈ ವೈಚಿತ್ರ್ಯ ಎಲ್ಲಿಂದ ಬಂತು? ಇಂದು ನಮ್ಮ ನಗರಸಭೆಗಳು ಬೀದಿ ವ್ಯಾಪಾರದ ಉಪವಿಧಿಗಳನ್ನು ಹೊಸದಾಗಿ ಬರೆಯಬೇಕಾದ ಕಾಲದಲ್ಲಿ ಈ ಚೀಟಿಯ ಚರಿತ್ರೆಯನ್ನೊಮ್ಮೆ ತಿರುವಿ ನೋಡುವುದು ಅಗತ್ಯವೆಂದು ನಮಗೆ ಅನಿಸುತ್ತದೆ.

ಮೊದಲು ಪದಗಳನ್ನೇ ನೋಡೋಣ. ತೈಬಜಾರಿ ಎಂಬುದು ಪಾರ್ಸಿಯ ‘ತಹ್ ಬಾಜಾರಿ’. ತಹ್ ಎಂದರೆ ತಳ, ನೆಲ. ಬಜಾರಿನ ನೆಲಕ್ಕೆ ಕೊಡುವ ಬಾಡಿಗೆಯೇ ತೈಬಜಾರಿ. ಹರಾಜು, ರಸೀತಿ, ಪರವಾನಗಿ, ಜಪ್ತಿ ಇವೆಲ್ಲವೂ ಅರಬ್ಬಿ ಪಾರ್ಸಿಗಳಿಂದ ಬಂದು ಕನ್ನಡದವೇ ಆಗಿಹೋದ ಪದಗಳು. ‘ಜಕಾತಿ’ಯ ಕಥೆ ಇನ್ನೂ ಸ್ವಾರಸ್ಯಕರ. ಅದರ ಮೂಲ ‘ಝಕಾತ್’. ಉಳ್ಳವರು ತಮ್ಮ ಸಂಪತ್ತಿನಲ್ಲಿ ಇಲ್ಲದವರಿಗಾಗಿ ತೆಗೆದಿಡಬೇಕಾದ ಪಾಲು ಅದು. ದಖ್ಖನಿನ ಆಡಳಿತದಲ್ಲಿ ಅದೇ ಪದ ಸರಕಿನ ಮೇಲಿನ ಸುಂಕದ ಹೆಸರಾಯಿತು. ಶ್ರೀಮಂತನ ಕರ್ತವ್ಯವನ್ನು ಸೂಚಿಸುತ್ತಿದ್ದ ಪದ ಊರಬಾಗಿಲಲ್ಲಿ ಬಡವನ ತಲೆಹೊರೆಯ ಮೇಲೂ ಬಂದು ಕುಳಿತಿತು. ಇದೇ ಸಾಲಿನಲ್ಲಿ ಮತ್ತೊಂದು ಅರಬ್ಬಿ ಪದವೂ ನಮ್ಮಲ್ಲಿಗೆ ಬಂತು. ಅದು ‘ಹಕ್ಕು’. ರಸೀತಿ ಬೀದಿಗೆ ಬೇಗ ತಲುಪಿತು, ಹಕ್ಕು ತಲುಪುವುದಕ್ಕೆ ಬಹಳ ಕಾಲ ಹಿಡಿಯಿತು.

ಸಂತೆಗೆ ಕಟ್ಟಳೆ ಇರಲಿಲ್ಲವೆಂದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ತಾವೇ ಕೂಡಿ, ಎಲೆಯ ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಎಣ್ಣೆ ಎಂದು ನಿಗದಿ ಮಾಡಿ ದೇವಾಲಯಗಳಿಗೆ ಬಿಟ್ಟುಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿದರು. ಅಂದರೆ ದರ ಎಲ್ಲರಿಗೂ ಕಾಣುವಂತೆ ನಿಂತಿರುತ್ತಿತ್ತು, ಅದನ್ನು ನಿಗದಿ ಮಾಡಿದ ಕೂಟದಲ್ಲಿ ಮಾರುವವರೂ ಇರುತ್ತಿದ್ದರು. ತಲೆಹೊರೆಯವರೂ ಆ ಕೂಟದಲ್ಲಿ ಸರಿಸಮವಾಗಿ ಕುಳಿತಿದ್ದರೆಂದು ಹೇಳಿದರೆ ಅದು ಚರಿತ್ರೆಯ ಅಲಂಕಾರವಾದೀತು. ಆದರೂ ಆ ಶತಮಾನಗಳು ದುಡಿಮೆಗಾರನ ಹೆಸರನ್ನು ಮರೆಯಲಿಲ್ಲ. ದೇವರ ದಾಸಿಮಯ್ಯ ಇದೇ ಸುರಪುರ ಸೀಮೆಯ ಮುದನೂರಿನವನು, ಬಟ್ಟೆ ನೇಯ್ದು ಬದುಕಿದವನು. ಮೋಳಿಗೆಯ ಮಾರಯ್ಯ ಸೌದೆ ಹೊತ್ತು ಮಾರಿದವನು. ಅವರ ಕಾಯಕ ಅವರ ಹೆಸರಿನೊಂದಿಗೆ ಇಂದಿಗೂ ಉಳಿದಿದೆ. ನಂತರದ ಕಾಲದ ವಸೂಲಿ ಲೆಕ್ಕಗಳಲ್ಲಿ ಮೊತ್ತ ಉಳಿಯಿತು, ಹೆಸರು ಹೋಯಿತು.

ಕಲ್ಯಾಣದಲ್ಲಿ ಒಂದನೇ ಸೋಮೇಶ್ವರ ಆಳುತ್ತಿದ್ದ ಕಾಲದಲ್ಲೇ ಬಾಗ್ದಾದಿನಲ್ಲಿ ಅಲ್ ಮಾವರ್ದಿ ಎಂಬ ನ್ಯಾಯಶಾಸ್ತ್ರಜ್ಞನಿದ್ದ. ಅವನು ತೀರಿಕೊಂಡದ್ದು 1058ರಲ್ಲಿ. ರಾಜ್ಯಾಡಳಿತವನ್ನು ಕುರಿತ ಅವನ ‘ಅಲ್ ಅಹ್‌ಕಾಮುಸ್ಸುಲ್ತಾನಿಯ್ಯ’ ಗ್ರಂಥದಲ್ಲಿ ಬೀದಿ ಬದಿಯಲ್ಲಿ ಕುಳಿತು ಮಾರುವವರ ವಿಷಯ ಬರುತ್ತದೆ. ದಾರಿಹೋಕರಿಗೆ ತೊಂದರೆಯಾಗಬಾರದು ಎಂಬುದು ಅಲ್ಲಿನ ಮೊದಲ ಷರತ್ತು. ಅದನ್ನು ಪಾಲಿಸಿದರೆ ಮೊದಲು ಬಂದವನಿಗೆ ಜಾಗ. ಮರುದಿನ ಆ ಜಾಗ ಯಾರದು? ಇಲ್ಲಿ ಇಮಾಮರಲ್ಲಿ ಭಿನ್ನಾಭಿಪ್ರಾಯ. ಎದ್ದುಹೋದ ಮೇಲೆ ಎಲ್ಲರೂ ಸಮಾನರು ಎಂಬುದು ಇಮಾಮ್ ಶಾಫಿಈಯವರ ನಿಲುವು. ಒಬ್ಬನು ಒಂದು ಜಾಗದಲ್ಲಿ ಕೂತು ಕೂತು ಅದರಿಂದಲೇ ಜನರಿಗೆ ಪರಿಚಿತನಾಗಿದ್ದರೆ, ಜಗಳ ತಪ್ಪಿಸಲು ಅವನಿಗೇ ಆದ್ಯತೆ ಎಂಬುದು ಇಮಾಮ್ ಮಾಲಿಕ್ ಅವರ ನಿಲುವು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತನ್ನೂ ಮಾವರ್ದಿ ಸೇರಿಸುತ್ತಾನೆ: ಹಾಗೆ ಕೂರುವುದಕ್ಕೆ ದೊರೆ ಅವರಿಂದ ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಗ್ರಂಥದಲ್ಲಿದ್ದದ್ದೆಲ್ಲ ಮುಸ್ಲಿಂ ದೊರೆಗಳ ಬಜಾರಿನಲ್ಲಿ ನಡೆಯಿತೆಂದು ನಾವು ಹೇಳುವುದಿಲ್ಲ. ತೈಬಜಾರಿ ಎಂಬ ಪದವೇ ನಡೆಯಲಿಲ್ಲ ಎಂಬುದಕ್ಕೆ ಸಾಕ್ಷಿ. ಆದರೆ ದಾರಿಯ ಹಕ್ಕು, ಜಾಗದ ಹಕ್ಕು, ನೆಲಬಾಡಿಗೆ ಎಂಬ ಮೂರು ಪ್ರಶ್ನೆಗಳು ಸಾವಿರ ವರ್ಷಗಳ ಹಿಂದೆಯೇ ಸ್ಪಷ್ಟವಾಗಿ ಎದ್ದಿದ್ದವು ಎಂಬುದನ್ನು ನೆನಪಿಡೋಣ. ಇಂದಿನ ಉಪವಿಧಿಯೂ ಉತ್ತರಿಸಬೇಕಾದದ್ದು ಇವೇ ಮೂರಕ್ಕೆ.

ಬಹಮನಿ, ಆದಿಲ್‌ಶಾಹಿ ಕಾಲದಲ್ಲಿ ಸಗರ ಈ ಸೀಮೆಯ ಪ್ರಮುಖ ಕೇಂದ್ರ. ಶಹಾಪುರದ ಹತ್ತಿರದ ಗೋಗಿಯಲ್ಲಿ ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಬಳಿಯೇ ಮೊದಲ ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳಿವೆ. ಆದಿಲ್‌ಶಾಹಿ ದಖ್ಖನಿನಲ್ಲಿ ಹೊಸ ಪೇಟೆ ಕಟ್ಟಬೇಕಾದರೆ ಆಳುವವರು ‘ಕೌಲು’ ಕೊಡುತ್ತಿದ್ದರು. ಇಷ್ಟು ವರ್ಷ ಸುಂಕದ ವಿನಾಯಿತಿ, ಬಂದು ನೆಲಸಿರಿ ಎಂಬ ಲಿಖಿತ ವಚನ ಅದು. ಪೇಟೆಯ ಶೆಟ್ಟಿ, ಮಹಾಜನರು ಅದರ ಹೊಣೆ ಹೊರುತ್ತಿದ್ದರು. ಅಂದು ಮಾರುವವನು ಊರಿಗೆ ಬೇಕಾದವನಾಗಿದ್ದ. ಅವನನ್ನು ಕರೆತರಲು ದೊರೆಯೇ ಬರೆದುಕೊಡಬೇಕಿತ್ತು.

ಔರಂಗಜೇಬನು 1705ರಲ್ಲಿ ಖುದ್ದಾಗಿ ಬಂದು ವಾಗಣಗೇರಿಯ ಕೋಟೆಯನ್ನು ಹಿಡಿದ. ಆದರೂ ಬೇಡ ನಾಯಕರ ಆಳ್ವಿಕೆ ಮುಗಿಯಲಿಲ್ಲ, ಸುರಪುರ ಅವರ ರಾಜಧಾನಿಯಾಗಿ ಬೆಳೆಯಿತು. ವನದುರ್ಗದ ಕೋಟೆ ಅದೇ ನಾಯಕರ ನೆನಪನ್ನು ಹೊತ್ತು ನಿಂತಿದೆ. ಕೋಟೆಯೊಳಗೆ ಸೈನ್ಯ ಇರಬೇಕಾದರೆ ಕೋಟೆಯ ಹೊರಗೆ ಸಂತೆ ಇರಲೇಬೇಕು. ಕಾಳು, ಉಪ್ಪು, ಎಣ್ಣೆ ಬರದೆ ಯಾವ ದುರ್ಗವೂ ಬಾಳುವುದಿಲ್ಲ. ಸಗರನಾಡಿನ ಬೀದಿ ವ್ಯಾಪಾರದ ಇನ್ನೊಂದು ನೆಲೆ ಜಾತ್ರೆ, ಉರುಸುಗಳು. ತಿಂಥಣಿಯ ಮೌನೇಶ್ವರನಲ್ಲಿಗೆ ಹಿಂದೂ ಮುಸಲ್ಮಾನರಿಬ್ಬರೂ ಹೋಗುತ್ತಾರೆ. ಬಳೆ, ಬೆಂಡು ಬತ್ತಾಸು, ಮಂಡಕ್ಕಿ ಮಾರುವವರು ಅಲ್ಲಿಗೂ ಹೋಗುತ್ತಾರೆ, ಉರುಸಿಗೂ ಬರುತ್ತಾರೆ. ಯಾರು ಎಲ್ಲಿ ಕೂರಬೇಕೆಂಬುದು ಅಲ್ಲಿ ಬಹುಮಟ್ಟಿಗೆ ರೂಢಿಯಿಂದಲೇ ನಡೆಯುತ್ತದೆ. ಇಮಾಮ್ ಮಾಲಿಕ್ ಅವರ ಹೆಸರು ಕೇಳದವರೂ ಅವರ ನಿಲುವಿನಂತೆಯೇ ನಡೆದುಕೊಳ್ಳುತ್ತಾರೆ!

1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಹೋರಾಟ ದುರಂತದಲ್ಲಿ ಮುಗಿಯಿತು. 1860ರ ಒಪ್ಪಂದದಂತೆ ಸುರಪುರ ಸಂಸ್ಥಾನ ಹೈದರಾಬಾದ್ ನಿಜಾಮರ ಕೈಸೇರಿತು. 1865ರಲ್ಲಿ ಒಂದನೇ ಸಾಲಾರ್ ಜಂಗರು ಜಿಲ್ಲಾಬಂದಿ ತಂದರು. ಜಿಲ್ಲೆ, ತಾಲೂಕು, ಸಂಬಳದ ಅಧಿಕಾರಿಗಳು ಎಂಬ ವ್ಯವಸ್ಥೆ ಬೇರೂರಿತು. 1871ರಲ್ಲಿ ಬೊಂಬಾಯಿ ಮದರಾಸು ರೈಲುಮಾರ್ಗ ರಾಯಚೂರಿನಲ್ಲಿ ಕೂಡಿಕೊಂಡಿತು, ಯಾದಗಿರಿ ಆ ಹಳಿಯ ಮೇಲಿನ ನಿಲ್ದಾಣವಾಯಿತು. ಸರಕು ಕೋಟೆಯನ್ನು ಬಿಟ್ಟು ರೈಲಿನ ಕಡೆ ಮುಖ ಮಾಡಿತು. ವನದುರ್ಗದಂಥ ದುರ್ಗಗಳ ಮಹತ್ವ ಕುಗ್ಗಿತು. ಹಳ್ಳಿಯವರು ಮಾರಲು ಪಟ್ಟಣಕ್ಕೇ ಹೋಗಬೇಕಾಯಿತು.

ಆ ಪಟ್ಟಣದಲ್ಲಿ ಕಚೇರಿಯ ಭಾಷೆ ಉರ್ದು, ಸಂತೆಯ ಮಾತು ಕನ್ನಡ. ತೈಬಜಾರಿ ವಸೂಲಿಯ ಹರಾಜು ಪದ್ಧತಿ ಇಂದಿಗೂ ಹಲವು ಊರುಗಳಲ್ಲಿ ನಮ್ಮ ಕಣ್ಣೆದುರೇ ಇದೆ. ಹೆಚ್ಚು ಕೂಗಿದವನಿಗೆ ವರ್ಷದ ವಸೂಲಿ. ಗುತ್ತಿಗೆ ಹಿಡಿದವನು ಕಟ್ಟಿದ ಹಣದ ಮೇಲೆ ಲಾಭ ತೆಗೆಯಬೇಕು. ಸ್ಥಳೀಯ ಸಂಸ್ಥೆಗೆ ಬೇಕಾದದ್ದು ಹರಾಜಿನ ಮೊತ್ತ ಮಾತ್ರ, ಹಣ ಯಾರಿಂದ ಹೇಗೆ ಬಂತೆಂಬುದು ಅದಕ್ಕೆ ಬೇಡ. ಹೆಸರಿಲ್ಲದ ಚೀಟಿ ಹುಟ್ಟುವುದು ಇಂಥ ಪದ್ಧತಿಯಲ್ಲಿ. ವಸೂಲಿಗೆ ಹೆಸರು ಬೇಕಿಲ್ಲ, ಹಕ್ಕಿಗೆ ಹೆಸರು ಬೇಕು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ಕಥೆ ಮುಗಿಯಿತು. 1956ರಲ್ಲಿ ಈ ಸೀಮೆ ಏಕೀಕೃತ ರಾಜ್ಯಕ್ಕೆ ಸೇರಿತು. ಅದೇ ವರ್ಷದ ಹೈದರಾಬಾದ್ ಜಿಲ್ಲಾ ಪುರಸಭೆಗಳ ಕಾಯ್ದೆಯ ಸ್ಥಾನಕ್ಕೆ 1964ರ ಪುರಸಭೆಗಳ ಕಾಯ್ದೆ ಬಂದು ಇಡೀ ರಾಜ್ಯಕ್ಕೆ ಒಂದೇ ಕಾನೂನಾಯಿತು. 1979ರಲ್ಲಿ ರಾಜ್ಯ ಸರ್ಕಾರ ಜಕಾತಿಯನ್ನು ರದ್ದು ಮಾಡಿತು. ಊರಬಾಗಿಲ ಜಕಾತಿ ನಾಕೆಗಳು ಮುಚ್ಚಿದವು, ದೊಡ್ಡ ಸರಕಿನ ಮೇಲಿನ ಆ ಭಾರ ಇಳಿಯಿತು. ನೆಲದ ಮೇಲೆ ಕುಳಿತವಳ ತೈಬಜಾರಿ ಮಾತ್ರ ಉಳಿಯಿತು. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದು ಕಾಲುವೆ ನೀರು ಹರಿದ ಮೇಲೆ ಶಹಾಪುರ, ಸುರಪುರಗಳ ಕಡೆ ಬೆಳೆ ಬದಲಾಯಿತು, ಪೇಟೆ ಹಿಗ್ಗಿತು. ಕಾಲುವೆ ಮುಟ್ಟದ ಹೊಲದವರು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋದರು. ಅಲ್ಲಿಯೂ ಕೆಲವರ ಪಾಲಿಗೆ ಬಂದದ್ದು ಫುಟ್‌ಪಾತೇ.

ಇತ್ತ ಕಾನೂನಿನ ಕಣ್ಣು ಬೇರೆಯೇ ಇತ್ತು. ಬ್ರಿಟಿಷ್ ಭಾರತದ 1861ರ ಪೊಲೀಸ್ ಕಾಯ್ದೆಯಲ್ಲಿ ರಸ್ತೆಯಲ್ಲಿ ಸರಕು ಹರಡಿ ತೊಂದರೆ ಮಾಡುವುದು ಒಂದು ಅಪರಾಧ. ಆ ದೃಷ್ಟಿ ಸ್ವಾತಂತ್ರ್ಯಾನಂತರದ ಕಾಯ್ದೆಗಳಲ್ಲೂ ಮುಂದುವರಿಯಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ದಿನವೇ ದೆಹಲಿಯಲ್ಲಿ ರೈಲು ನಿಲ್ದಾಣದ ಹತ್ತಿರದ ಒಬ್ಬ ಬೀದಿ ವ್ಯಾಪಾರಿಯ ಮೇಲೆ ಪ್ರಕರಣ ದಾಖಲಾಗಿ, ಮುಂದೆ ಅದನ್ನು ಕೈಬಿಡಲಾಯಿತು. ಹೊಸ ಸಂಹಿತೆ ಬಂದರೂ ಹಳೆಯ ಕಣ್ಣು ಬದಲಾಗಿರಲಿಲ್ಲ.

ಈ ಕಣ್ಣನ್ನು ತಿದ್ದುವ ಕೆಲಸ ಆರಂಭಿಸಿದ್ದು ಸರ್ವೋಚ್ಚ ನ್ಯಾಯಾಲಯ. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು 1985ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಅದು ಹೇಳಿತು. 1989ರಲ್ಲಿ ದೆಹಲಿಯ ಸೋದನ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠವು ಬೀದಿಯಲ್ಲಿ ವ್ಯಾಪಾರ ಮಾಡುವುದು 19ನೇ ವಿಧಿಯ ಅಡಿಯ ಹಕ್ಕು, ಅದಕ್ಕೆ ನ್ಯಾಯಸಮ್ಮತ ನಿರ್ಬಂಧ ಹಾಕಬಹುದು, ಆದರೆ ಇಂಥದೇ ಜಾಗ ಬೇಕೆಂಬ ಹಕ್ಕಿಲ್ಲ ಎಂದಿತು. ಆ ಪ್ರಕರಣದಲ್ಲಿ ಚರ್ಚೆಗೆ ಬಂದ ಪದವೂ ನಮ್ಮ ತೈಬಜಾರಿಯೇ! 2004ರಲ್ಲಿ ರಾಷ್ಟ್ರೀಯ ನೀತಿ ಬಂತು, 2009ರಲ್ಲಿ ಪರಿಷ್ಕಾರವಾಯಿತು. ನೀತಿ ಸಾಲದು, ಕಾನೂನು ಮಾಡಿ ಎಂದು 2010ರಲ್ಲಿ ನ್ಯಾಯಾಲಯ ಹೇಳಿತು. ಕೊನೆಗೆ ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯ್ದೆ 2014ರ ಮೇ 1ರಂದು ಜಾರಿಗೆ ಬಂತು.

ಈ ಕಾಯ್ದೆಯಲ್ಲಿ ಏನಿದೆ? ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ನೋಟೀಸು ಬೇಕು. ಜಪ್ತಿ ಮಾಡಿದ ಸರಕು ಕೊಳೆಯುವಂಥದ್ದಾದರೆ ಕೇಳಿದ ದಿನವೇ, ಉಳಿದದ್ದಾದರೆ ಎರಡು ಕೆಲಸದ ದಿನಗಳಲ್ಲಿ ಹಿಂದಿರುಗಿಸಬೇಕು. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಜನ ರೂಢಿಯಿಂದ ಕೂಡುತ್ತ ಬಂದ ಜಾಗವನ್ನು ಸಹಜ ಮಾರುಕಟ್ಟೆ ಎಂದು ಕಾಯ್ದೆ ಗುರುತಿಸುತ್ತದೆ. ಮಾವರ್ದಿ ದಾಖಲಿಸಿದ ಎರಡು ನಿಲುವುಗಳನ್ನು ನೆನೆಯಿರಿ. 1989ರ ತೀರ್ಪು ಇಮಾಮ್ ಶಾಫಿಈಯವರ ನಿಲುವಿಗೆ ಹತ್ತಿರ, 2014ರ ಕಾಯ್ದೆ ಇಮಾಮ್ ಮಾಲಿಕ್ ಅವರದಕ್ಕೆ ಹತ್ತಿರ. ಬೇರೆ ಬೇರೆ ಕಾಲ, ಬೇರೆ ಬೇರೆ ಮೂಲ. ಪ್ರಶ್ನೆ ಒಂದೇ ಆದಾಗ ನ್ಯಾಯಬುದ್ಧಿ ಸುಳಿಯುವ ದಾರಿಗಳೂ ಕೆಲವೇ.

ಕಾಯ್ದೆಯ 37ನೇ ಕಲಂ ಉಪವಿಧಿ ಬರೆಯುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗೆ ಕೊಟ್ಟಿದೆ. ವ್ಯಾಪಾರ ವಲಯಗಳ ನಿಯಂತ್ರಣ, ನಿರ್ವಹಣಾ ಶುಲ್ಕ, ದಂಡ, ಸಂಚಾರ, ನೈರ್ಮಲ್ಯ ಎಲ್ಲವೂ ಅದರಲ್ಲಿ ಬರುತ್ತವೆ. ದೆಹಲಿಯ ಕಾಯ್ದೆ ನಮ್ಮೂರ ರಸ್ತೆಗೆ ಇಳಿಯುವುದು ಉಪವಿಧಿಯ ಮೂಲಕವೇ. ಅದು ಹಳೆಯ ತೈಬಜಾರಿ ಕಣ್ಣಿನಿಂದ ಬರೆಯಲ್ಪಟ್ಟರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ.

ಈಗ ವನದುರ್ಗದ ಹೆಣ್ಣುಮಗಳ ಬಳಿಗೆ ಮರಳೋಣ. ಈ ಕಾಯ್ದೆ ನಗರ, ಪಟ್ಟಣಗಳದ್ದು. ಅವಳ ಊರು ಹಳ್ಳಿ. ಸಂವಿಧಾನದ 11ನೇ ಅನುಸೂಚಿಯ ಪ್ರಕಾರ ಮಾರುಕಟ್ಟೆ, ಜಾತ್ರೆಗಳು ಪಂಚಾಯತಿಗೆ ವಹಿಸಬಹುದಾದ ವಿಷಯಗಳು. ಆದರೆ ಅವಳು ಮಾರುವುದು ಪಟ್ಟಣದಲ್ಲಿ. ಅಲ್ಲಿ ಅವಳು ನಿತ್ಯ ಕೂರುವವಳಲ್ಲ, ಆದ್ದರಿಂದ ಸಮೀಕ್ಷೆಯ ದಿನ ಸಿಗದೆ ಹೋಗಬಹುದು. ಪ್ರಮಾಣಪತ್ರ ಬೇಕಾದರೆ ಬೇರೆ ಜೀವನೋಪಾಯವಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ವಾರದಲ್ಲಿ ನಾಲ್ಕು ದಿನ ಹತ್ತಿ ಬಿಡಿಸಲು ಕೂಲಿಗೆ ಹೋಗಿ ಒಂದು ದಿನ ಸಂತೆಗೆ ಬರುವವಳು ಹಾಗೆಂದು ಹೇಗೆ ಬರೆದುಕೊಟ್ಟಾಳು? ಸುಳ್ಳು ಬರೆಯಬೇಕು, ಇಲ್ಲವೆ ಹಕ್ಕು ಬಿಡಬೇಕು. ಜೊತೆಗೆ ವ್ಯಾಪಾರಿಗಳಿಗೆ ಒದಗಿಸುವ ಜಾಗಕ್ಕೆ ಪಟ್ಟಣದ ಜನಸಂಖ್ಯೆಯ ಶೇಕಡಾ 2.5ರ ಮಿತಿಯಿದೆ. 50 ಸಾವಿರ ಜನರಿರುವ ಪಟ್ಟಣದಲ್ಲಿ 1,250 ಮಂದಿ. ಸಂತೆಯ ದಿನ ಸುತ್ತಲ ಹಳ್ಳಿಗಳೆಲ್ಲ ಕೊಳ್ಳಲೂ ಮಾರಲೂ ಅಲ್ಲಿಗೇ ಬರುತ್ತವೆ, ಲೆಕ್ಕದಲ್ಲಿರುವುದು ಪಟ್ಟಣದವರು ಮಾತ್ರ.

ದಾರಿ ಇಲ್ಲವೆಂದಲ್ಲ. ಕೋವಿಡ್ ಲಾಕ್‌ಡೌನ್ ನಂತರ 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆ 10 ಸಾವಿರ ರೂಪಾಯಿಯ ಮೊದಲ ಸಾಲ ಕೊಟ್ಟಿತು. 2025ರಲ್ಲಿ ಅದನ್ನು 15 ಸಾವಿರಕ್ಕೆ ಏರಿಸಲಾಯಿತು. ಸುತ್ತಲ ಹಳ್ಳಿಗಳಿಂದ ಬಂದು ಪಟ್ಟಣದ ವ್ಯಾಪ್ತಿಯಲ್ಲಿ ಮಾರುವವರೂ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರವಿದ್ದರೆ ಈ ಸಾಲಕ್ಕೆ ಅರ್ಹರು. ಸಾಲ ಕೊಡುವಾಗ ಕಾಣಿಸಿದ ಹಳ್ಳಿಯವಳು ಜಾಗ ಕೊಡುವಾಗ ಯಾಕೆ ಕಾಣಿಸಬಾರದು? ಒಂದೆಡೆ ನಿಂತು ಮಾರುವವರು, ಸುತ್ತಿ ಮಾರುವವರು ಎಂಬ ಎರಡು ವರ್ಗಗಳಲ್ಲದೆ ಇನ್ನೂ ಬೇರೆ ವರ್ಗಗಳನ್ನು ಗುರುತಿಸಲು ಕಾಯ್ದೆಯಲ್ಲೇ ಅವಕಾಶವಿದೆ. ವಾರದ ಸಂತೆಯವರು ಅಂಥದೊಂದು ವರ್ಗವಾಗಬೇಕು.

ಇನ್ನೊಂದು ಪಕ್ಷದ ಮಾತನ್ನೂ ನಾವು ಕೇಳಬೇಕು. ಫುಟ್‌ಪಾತ್ ನಡೆಯುವವರದು. ಕೋಲೂರಿ ನಡೆವ ಅಜ್ಜ, ಶಾಲೆಗೆ ಹೋಗುವ ಮಗು, ಕಣ್ಣು ಕಾಣದವರು ಲಾರಿಗಳ ನಡುವೆ ಇಳಿಯಬೇಕಾದರೆ ಅದು ಅನ್ಯಾಯವೇ. ಪಾದಚಾರಿಗಳಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಜಾಗ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಹೇಳುತ್ತದೆ. ಅದನ್ನು ಗೆರೆ ಎಳೆದು ಕಾಪಾಡಲಿ. ಆದರೆ ಗೆರೆ ಎಲ್ಲರಿಗೂ ಒಂದೇ ಆಗಿರಲಿ. ಫುಟ್‌ಪಾತಿನ ಮೇಲೆ ನಿಂತ ಕಾರು, ಮೂರಡಿ ಮುಂದಕ್ಕೆ ಚಾಚಿದ ಪಕ್ಕಾ ಅಂಗಡಿಯ ಕಟ್ಟೆ ಕಣ್ಣಿಗೆ ಬೀಳದೆ ಬದನೆಕಾಯಿಯ ಬುಟ್ಟಿಯೊಂದೇ ಬೀಳುವುದಾದರೆ ಅದನ್ನು ನಿಯಮಪಾಲನೆ ಎನ್ನಲಾಗದು.

ಹಾಗಾದರೆ ಹೊಸ ಉಪವಿಧಿಯಲ್ಲಿ ಏನಿರಬೇಕು? ಚೀಟಿಯ ಮೇಲೆ ಕೊಟ್ಟವರ ಹೆಸರು, ಜಾಗದ ಸಂಖ್ಯೆ ಇರಲಿ. ದರದ ಫಲಕ ಸಂತೆಯ ಬಾಯಲ್ಲೇ ಕನ್ನಡದಲ್ಲಿ ನಿಲ್ಲಲಿ. ಚಾಲುಕ್ಯರ ಕಾಲದವರು ಕಲ್ಲಿನಲ್ಲಿ ಮಾಡಿದ್ದನ್ನು ನಾವು ತಗಡಿನಲ್ಲಾದರೂ ಮಾಡಬಾರದೇ? ವಸೂಲಿಯ ಹರಾಜು ನಿಂತು ಸಂಸ್ಥೆಯೇ ಶುಲ್ಕ ಪಡೆಯಲಿ. ಪಡೆದ ಹಣದಲ್ಲಿ ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಆಗಲಿ. ಹಳ್ಳಿಯ ಪಂಚಾಯತಿ ತನ್ನ ಸಂತೆಗಾರರ ಪಟ್ಟಿ ಮಾಡಿ ಪಟ್ಟಣದ ಸಮಿತಿಗೆ ಕಳಿಸಲಿ. ಕರಡು ಉಪವಿಧಿಯನ್ನು ಕಚೇರಿಯ ಗೋಡೆಗೆ ಅಂಟಿಸಿ ಸುಮ್ಮನಾಗದೆ ಸಂತೆಯ ದಿನ ಧ್ವನಿವರ್ಧಕದಲ್ಲಿ ಓದಿ ಹೇಳಲಿ. ಓದಲು ಬಾರದವರಿಗೂ ಅದು ಅನ್ವಯಿಸುತ್ತದಲ್ಲವೇ?

2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಯಿತು. 2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ನಾಡಿಗೆ ಒಳ್ಳೆಯ ಹೆಸರಿಟ್ಟುಕೊಂಡಿದ್ದೇವೆ, ಸಂತೋಷ. ಇನ್ನು ಸಂತೆಯಲ್ಲಿ ನೆಲದ ಮೇಲೆ ಕುಳಿತವಳ ಹೆಸರನ್ನೂ ಒಂದು ಚೀಟಿಯ ಮೇಲೆ ಬರೆಯೋಣ.